ಪಾಳೆಗಾರನ ಹಿರಿಮಗನನ್ನು ಮುಖ ನೋಡಿ ದೂರ ಇಡೋದಕ್ಕೆ ನಂಬುವಂಥ ಕಾರಣ ಏನು?

ಮುರುಕುದಾಳ (ಮೈಸೂರು) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಬೈಕೋಬೇಡಿ.

ನಾವು ಐದು ಜನ ಪ್ರತಿ ಭಾನುವಾರ ಮಧ್ಯಾಹ್ನ ಕುವೆಂಪುನಗರದಲ್ಲಿ ಗೆಳೆಯನೊಬ್ಬನ ಮನೆ ಮಹಡಿಯಲ್ಲಿ ಕೂತು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡ್ತೀವಿ. ಗೊತ್ತಿಲ್ಲದವರಿಗೆ ಹೇಳಬೇಕು ಅಂದ್ರೆ, ಒಬ್ಬ ಕಥೆ ನಡೆಸ್ತಾನೆ, ಉಳಿದವರು ಒಂದೊಂದು ಪಾತ್ರ ಆಗ್ತಾರೆ, ಬಾಗಿಲು ಮುರೀತೋ ಕೈ ಮುರೀತೋ ಅನ್ನೋದನ್ನ ಇಪ್ಪತ್ತು ಮುಖದ ದಾಳ ಹೇಳುತ್ತೆ. 1974ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಆಟ. ನಾವು ಕನ್ನಡದಲ್ಲೇ ಆಡೋದು. ಕಥೆ ನಡೆಸೋ ಡಂಜನ್ ಮಾಸ್ಟರ್‌ಗೆ ಸೂತ್ರಧಾರ ಅಂತೀವಿ. ಅವನು ವಾರಕ್ಕೆ ಆರು ದಿನ ಔಷಧಿ ಅಂಗಡಿ ನೋಡ್ಕೊಳ್ಳೋನು, ಏಳನೇ ದಿನ ದೇವರು.

ಈ ಸಲ ಹೊಸ ಕಥೆ. ಕಾರೆಕೋಟೆ ಅಂತ ಒಂದು ಪಾಳೆಪಟ್ಟು, ಸುತ್ತ ಕಾಡು, ಕಾಡಲ್ಲಿ ನಾಗರು, ಯಕ್ಷರು, ನಮ್ಮ ಕಲ್ಪನೆಗೆ ಬಂದಿದ್ದೆಲ್ಲ. ನನ್ನ ಪಾತ್ರದ ಹೆಸರು ಬೊಮ್ಮಣ್ಣನಾಯಕ, ಪಾಳೆಗಾರನ ಹಿರಿಮಗ. ಹುಟ್ಟುವಾಗಲೇ ಎಡಗೆನ್ನೆಯಿಂದ ಕುತ್ತಿಗೆ ಬುಡದವರೆಗೆ ಹಾವಿನ ಪೊರೆಯಂಥ ಚರ್ಮ. ಎಡಗಣ್ಣಿನ ರೆಪ್ಪೆ ಮಿಟುಕೋದಿಲ್ಲ.

ಇವನ ಪೂರ್ವಕಥೆ ನಾಲ್ಕು ಪುಟ ಬರೆದಿದ್ದೆ. ಹುಟ್ಟಿದ ರಾತ್ರಿ ಸಿಡಿಲು, ಸೂಲಗಿತ್ತಿ ಮೂರ್ಛೆ, ತಾಯಿ ಸಾವು, ಅಪ್ಪ ಕತ್ತಿ ಹಿರಿದು ನಿಲ್ಲೋದು, ಮಗೂನ ನೆಲಮಾಳಿಗೆಗೆ ಹಾಕೋದು, ಮಲತಾಯಿ ಬರೆ ಹಾಕೋದು, ತಮ್ಮ ಕಲ್ಲು ಹೊಡೆಯೋದು, ಹದಿನಾರಕ್ಕೆ ಸರಪಳಿ ಕಿತ್ಕೊಂಡು ಸೇಡಿನ ಶಪಥ. ರಾತ್ರಿ ಎರಡು ಗಂಟೆವರೆಗೆ ಕೂತು ಬರೆದದ್ದು. ಸತ್ಯ ಹೇಳ್ತೀನಿ, ಮಲತಾಯಿ ಭಾಗಕ್ಕೆ ನನಗೇ ಕಣ್ಣಲ್ಲಿ ನೀರು ಬಂತು.

ಸೂತ್ರಧಾರ ನಾಲ್ಕೂ ಪುಟ ಓದಿದ. ತಟ್ಟೆಯಲ್ಲಿದ್ದ ಕೊನೇ ನಿಪ್ಪಟ್ಟು ತಿಂದ. ಆಮೇಲೆ ಕೇಳಿದ: "ಎಲ್ಲಾ ಸರಿ ಕಣೋ, ನಿಮ್ಮಪ್ಪನಿಗೆ ಬೇರೆ ಕೆಲಸ ಇಲ್ವಾ?"

ಅವನ ತಕರಾರು ಇಷ್ಟು. ಅಷ್ಟೊಂದು ಹೇಸಿಗೆ ಇದ್ದಿದ್ರೆ ಅದೇ ರಾತ್ರಿ ಯಾಕೆ ಮುಗಿಸಲಿಲ್ಲ? ಹದಿನಾರು ವರ್ಷ ನೆಲಮಾಳಿಗೆಯಲ್ಲಿಟ್ಟು ಸಾಕೋದು ಖರ್ಚಿನ ಬಾಬತ್ತು. ಪಾಳೆಗಾರನ ಹೆಂಡತಿ ಬಸುರಿ ಅಂದ್ರೆ ಇಡೀ ಕೋಟೆಗೆ ಗೊತ್ತಿರುತ್ತೆ, ಮಗು ಏನಾಯ್ತು ಅಂತ ಊರಿಗೆ ಏನು ಹೇಳಿದರು? ಅಡುಗೆಯವಳಿಗೂ ಇವನನ್ನ ಕಂಡ್ರೆ ಆಗ್ತಿರಲಿಲ್ವಾ? ತಲೆಗೆ ಎಣ್ಣೆ ಹಚ್ಚೋರು ಯಾರು? ನನ್ನ ಹತ್ರ ಒಂದಕ್ಕೂ ಉತ್ತರ ಇರಲಿಲ್ಲ. ಮೇಲಿಂದ ಇನ್ನೊಂದು ಮಾತು: "ದೊಡ್ಡ ಮನೆಯವರು ಕೊಂಬು ನೋಡಿ ಓಡಿಸಿದ ಟೀಫ್ಲಿಂಗ್ (ಆಟದಲ್ಲಿ ಕೊಂಬಿರೋ ಒಂದು ಜನಾಂಗ) ಪ್ರತಿ ತಂಡದಲ್ಲೂ ಒಬ್ಬ ಇರ್ತಾನೆ. ನಾಲ್ಕು ವರ್ಷದಲ್ಲಿ ಮೂರು ಜನನ್ನ ನೋಡಿದೀನಿ. ನೀನು ಕೊಂಬಿನ ಬದಲು ಪೊರೆ ಅಂಟಿಸಿದೀಯ, ಅಷ್ಟೇ."

ಹೊಟ್ಟೆ ಉರೀತು, ಆದ್ರೆ ಅವನು ಹೇಳಿದ್ದು ಸರಿ ಇತ್ತು.

ಹಾಗಾಗಿ ಕೇಳ್ತಿದೀನಿ. ನಮ್ಮ ಕಡೆ ರಾಜಮನೆ, ದೊಡ್ಡಮನೆಗಳಲ್ಲಿ ರೂಪದ ಕಾರಣಕ್ಕೆ ಹಿರಿಮಗನನ್ನ ಪಕ್ಕಕ್ಕೆ ಸರಿಸಿದ್ದು ಇದೆಯಾ? ಯಾವ ಶಾಸ್ತ್ರ ಮುಂದಿಟ್ಟು ಸರಿಸ್ತಿದ್ರು? ಧೃತರಾಷ್ಟ್ರ ಕುರುಡ, ಅದು ಗೊತ್ತು. ನನಗೆ ಬೇಕಾಗಿರೋದು ಮುಖ, ಚರ್ಮ, ಮೈ ನೋಡಿ ಮಾಡಿದ್ದು. ಇನ್ನೊಂದು, ಅಂಥ ಮನೆಯೊಳಗೆ ದಿನಾ ಬೆಳಗಾದ್ರೆ ಏನು ನಡೀತಿರುತ್ತೆ? ನಾನು ಅಕ್ಕಿ ಮಂಡಿಯಲ್ಲಿ ಲೆಕ್ಕ ಬರೆಯೋನು. ರಾಜರ ವಿಷಯ ನನಗೆ ಸಿನಿಮಾದಲ್ಲಿ ನೋಡಿದಷ್ಟೇ.

ಕ್ರಿಟಿಕಲ್ ಕಿಟ್ಟಿ:

ಗುರು, ಅದು ನಂತರ. ಮೊದಲು ಪಾತ್ರದ ಆರು ಗುಣಾಂಕಗಳಲ್ಲಿ ಕರಿಷ್ಮಾ ಅಂಕ ಎಷ್ಟು ಇಟ್ಟಿದೀಯ ಹೇಳು. ಕುರೂಪಿ ಅಂತ ಕರಿಷ್ಮಾಗೆ 6 ಹಾಕೋ ತಪ್ಪು ಎಲ್ಲರೂ ಮಾಡ್ತಾರೆ. ಕರಿಷ್ಮಾ ಅಂದ್ರೆ ಎದುರಿನವನನ್ನ ಮಾತಲ್ಲಿ, ನಿಲುವಲ್ಲಿ ಹಿಡಿದು ನಿಲ್ಲಿಸೋ ಶಕ್ತಿ, ಮೂಗು ನೆಟ್ಟಗಿರೋದಲ್ಲ. 1985ರಲ್ಲಿ ರೂಪಕ್ಕೆ ಅಂತಲೇ ಕಮ್ಲಿನೆಸ್ ಅನ್ನೋ ಏಳನೇ ಅಂಕ ತಂದಿದ್ರು, ಮುಂದಿನ ಆವೃತ್ತಿಯ ಮೂಲ ನಿಯಮಗಳಲ್ಲಿ ಅದು ಇರಲಿಲ್ಲ. 2014ರ ನಿಯಮದಲ್ಲಂತೂ ಟೀಫ್ಲಿಂಗ್‌ಗೆ ಕರಿಷ್ಮಾ ಮೇಲೆ 2 ಜಾಸ್ತಿನೇ ಕೊಡ್ತಾರೆ. ನಿನ್ನ ಬೊಮ್ಮಣ್ಣನಿಗೆ 15 ಹಾಕು. ರೆಪ್ಪೆ ಮಿಟುಕಿಸದೆ ನೋಡೋನ ಮುಂದೆ ಯಾರು ತಾನೇ ಸುಳ್ಳು ಹೇಳ್ತಾರೆ?

ಆ ನಿಪ್ಪಟ್ಟಿನ ಸೂತ್ರಧಾರನ್ನ ನಮ್ಮ ಬೆಂಗಳೂರು ತಂಡಕ್ಕೆ ಕಳಿಸಿಕೊಡು.

ನಿವೃತ್ತ ಮೇಷ್ಟ್ರು (ಶಿವಮೊಗ್ಗ):

ನಿಮ್ಮ ದಾಳದ ಆಟ ನನಗೆ ಅರ್ಥವಾಗಲಿಲ್ಲ. ಮೊಮ್ಮಗ ವಿವರಿಸಲು ಹೋಗಿ ಅರ್ಧಕ್ಕೆ ಕೈಬಿಟ್ಟ. ಪ್ರಶ್ನೆ ಮಾತ್ರ ಅರ್ಥವಾಯಿತು. ನೀವು ಹುಡುಕುತ್ತಿರುವ ಮನುಷ್ಯ ಧೃತರಾಷ್ಟ್ರನ ವಂಶದಲ್ಲೇ ಮೇಲಿನ ತಲೆಮಾರಿನಲ್ಲಿದ್ದಾನೆ. ಹೆಸರು ದೇವಾಪಿ.

ಪ್ರತೀಪ ಮಹಾರಾಜನಿಗೆ ಮೂವರು ಮಕ್ಕಳು: ದೇವಾಪಿ, ಬಾಹ್ಲೀಕ, ಶಂತನು. ಭೀಷ್ಮನ ತಂದೆ ಶಂತನು ಎಲ್ಲರಿಗೂ ಗೊತ್ತು. ಅವನು ಕೊನೆಯವನು, ಸಿಂಹಾಸನ ಅವನಿಗೆ ಬಂದದ್ದು ಇಬ್ಬರು ಅಣ್ಣಂದಿರನ್ನು ದಾಟಿ ಎನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ದೇವಾಪಿ ಧರ್ಮಿಷ್ಠ, ಉದಾರಿ, ಪ್ರಜೆಗಳಿಗೆ ಅಚ್ಚುಮೆಚ್ಚು. ಆದರೆ ಅವನಿಗೆ ತ್ವಗ್ದೋಷವಿತ್ತು, ಅಂದರೆ ಚರ್ಮದ ದೋಷ. ಮತ್ಸ್ಯಪುರಾಣ ಅದನ್ನು ಕುಷ್ಠ ಎನ್ನುತ್ತದೆ. ಭಾರತದ ಉದ್ಯೋಗಪರ್ವದಲ್ಲಿ ಬರುವುದು ತ್ವಗ್ದೋಷ ಎಂಬ ಮಾತಷ್ಟೇ.

ಈಗ ನಿಮ್ಮ ನಾಲ್ಕು ಪುಟದ ಪಕ್ಕದಲ್ಲಿ ಇದನ್ನಿಟ್ಟು ನೋಡಿ. ಅಲ್ಲಿ ಅಪ್ಪ ಕತ್ತಿ ಹಿರಿಯುವುದಿಲ್ಲ. ಮುಪ್ಪಿನಲ್ಲಿ ತಾನೇ ಮುಂದೆ ನಿಂತು ಹಿರಿಮಗನ ಪಟ್ಟಾಭಿಷೇಕಕ್ಕೆ ಸಿದ್ಧತೆ ಮಾಡಿಸುತ್ತಾನೆ. ಎಲ್ಲ ಸಾಮಗ್ರಿ ಬಂದಾದ ಮೇಲೆ ಬ್ರಾಹ್ಮಣರೂ ವೃದ್ಧರೂ ಪುರಜನರೂ ಬಂದು ತಡೆಯುತ್ತಾರೆ. ಹೀನಾಂಗನಾದ ದೊರೆಯನ್ನು ದೇವತೆಗಳು ಒಪ್ಪುವುದಿಲ್ಲ ಎನ್ನುತ್ತಾರೆ. ಗಮನಿಸಿ, ನಾವು ಒಪ್ಪುವುದಿಲ್ಲ ಎಂದು ಒಬ್ಬನೂ ಹೇಳುವುದಿಲ್ಲ. ದೊರೆಗೆ ಗಂಟಲು ಕಟ್ಟುತ್ತದೆ. ಮಗನ ಕೊರಗಿನಲ್ಲೇ ಸಾಯುತ್ತಾನೆ. ತಂದೆ ಸತ್ತದ್ದನ್ನು ಕಂಡು ದೇವಾಪಿ ಕಾಡಿಗೆ ಹೋಗುತ್ತಾನೆ. ನಡುವಿನವನು ಬಾಹ್ಲೀಕ, ತನ್ನ ಹಕ್ಕು ಬಿಟ್ಟು ಸೋದರಮಾವನ ರಾಜ್ಯಕ್ಕೆ ಹೋಗುತ್ತಾನೆ.

ಇದನ್ನು ಯಾರು ಯಾರಿಗೆ ಹೇಳುತ್ತಿದ್ದಾರೆ ಎನ್ನುವುದು ಇನ್ನೂ ರುಚಿ. ಹೇಳುತ್ತಿರುವವನು ಧೃತರಾಷ್ಟ್ರ, ಕೇಳುತ್ತಿರುವವನು ದುರ್ಯೋಧನ. ಹಿರಿಯನಾದ ನನ್ನನ್ನೂ ಹೀಗೆಯೇ ಹೀನಾಂಗನೆಂದು ರಾಜ್ಯದಿಂದ ತಪ್ಪಿಸಿದರು, ನನಗೇ ಇಲ್ಲದ್ದು ನಿನಗೆ ಎಲ್ಲಿಂದ ಬಂತು ಎಂದು ಮಗನಿಗೆ ಬುದ್ಧಿ ಹೇಳುವಾಗ ಈ ಕಥೆ ಬರುತ್ತದೆ. ತುಂಬಿದ ಸಭೆಯಲ್ಲಿ ತನ್ನ ಅವಮಾನವನ್ನು ತಾನೇ ಉದಾಹರಣೆಯಾಗಿ ಎತ್ತಿಕೊಡುವುದು! ತರಗತಿಯಲ್ಲಿ ಇದನ್ನು ಓದಿಸುವಾಗ ಪ್ರತಿವರ್ಷವೂ ಇಲ್ಲಿ ನನ್ನ ದನಿ ತಗ್ಗುತ್ತಿತ್ತು.

ವೇದದ ಪದಗಳ ಅರ್ಥ ಬಿಡಿಸುವ ಯಾಸ್ಕರ ನಿರುಕ್ತದಲ್ಲಿ ಕಥೆಯ ಇನ್ನೊಂದು ತುದಿ ಇದೆ. ಅಲ್ಲಿ ರೋಗದ ಮಾತಿಲ್ಲ. ಕಿರಿಯ ಶಂತನು ತಾನು ಪಟ್ಟ ಕಟ್ಟಿಸಿಕೊಂಡ, ದೇವಾಪಿ ತಪಸ್ಸಿಗೆ ಹೋದ, ರಾಜ್ಯದಲ್ಲಿ ಹನ್ನೆರಡು ವರ್ಷ ಮಳೆಯಾಗಲಿಲ್ಲ. ಅಣ್ಣನನ್ನು ದಾಟಿ ಕೂತದ್ದೇ ಅಧರ್ಮ ಎಂದು ಬ್ರಾಹ್ಮಣರು ಹೇಳಿದಾಗ ಶಂತನು ರಾಜ್ಯ ಒಪ್ಪಿಸಲು ಹೋಗುತ್ತಾನೆ. ದೇವಾಪಿ ರಾಜ್ಯ ಮುಟ್ಟುವುದಿಲ್ಲ. ನಿನ್ನ ಪುರೋಹಿತನಾಗುತ್ತೇನೆ, ಯಜ್ಞ ಮಾಡಿಸುತ್ತೇನೆ ಎನ್ನುತ್ತಾನೆ. ಋಗ್ವೇದದ ಹತ್ತನೆಯ ಮಂಡಲದ 98ನೆಯ ಸೂಕ್ತ, ಮಳೆಗಾಗಿ ಮಾಡಿದ ಆ ಪ್ರಾರ್ಥನೆಯ ಋಷಿ ಅವನೇ.

ವಿಷ್ಣುಪುರಾಣದವರು ಇಷ್ಟು ಸುಲಭಕ್ಕೆ ಬಿಡುವುದಿಲ್ಲ. ಅಣ್ಣನಿಗೆ ರಾಜ್ಯ ವಾಪಸು ಹೋಗುತ್ತದೆ ಎಂದ ಕೂಡಲೇ ಮಂತ್ರಿ ಕಾಡಿಗೆ ಜನ ಕಳಿಸುತ್ತಾನೆ. ಅವರು ದೇವಾಪಿಯ ತಲೆಯಲ್ಲಿ ವೇದವಿರುದ್ಧವಾದ ಮಾತು ತುಂಬುತ್ತಾರೆ. ಆಮೇಲೆ ಅವನನ್ನು ಪತಿತನೆಂದು ತೋರಿಸಿ, ಶಂತನುವಿಗೆ ದೋಷವಿಲ್ಲ ಎಂದು ತೀರ್ಮಾನಿಸುತ್ತಾರೆ. ಮಳೆಯೂ ಬರುತ್ತದೆ! ನಿಮ್ಮ ಕಾರೆಕೋಟೆಗೆ ಅಂಥ ಒಬ್ಬ ಮಂತ್ರಿ ಬೇಕಾದೀತು.

ಭಾಗವತದ ಪ್ರಕಾರ ದೇವಾಪಿ ಇನ್ನೂ ಕಲಾಪಗ್ರಾಮದಲ್ಲಿ ಯೋಗದಲ್ಲಿದ್ದಾನೆ. ಕಲಿಯುಗದಲ್ಲಿ ನಷ್ಟವಾಗುವ ಚಂದ್ರವಂಶವನ್ನು ಮತ್ತೆ ಸ್ಥಾಪಿಸುವವನು ಅವನೇ.

ಮುರುಕುದಾಳ:

ಮೇಷ್ಟ್ರೇ, ಅಡ್ಡಬಿದ್ದೆ. ಪಟ್ಟಾಭಿಷೇಕದ ಸಾಮಗ್ರಿ ಎಲ್ಲ ತಂದಿಟ್ಟ ಮೇಲೆ ನಿಲ್ಲಿಸೋದು... ಇದನ್ನ ಮಂಡಿಯಲ್ಲಿ ಬಿಲ್ ಪುಸ್ತಕದ ಹಿಂದೆ ಬರ್ಕೊಂಡೆ. ಒಂದು ಅನುಮಾನ. ಪಟ್ಟ ತಪ್ಪಿಸಿದ್ರು ಸರಿ, ಆಸ್ತಿ? ಊಟ? ಕಾಡಿಗೆ ಹೋಗದೆ ಮನೆಯಲ್ಲೇ ಉಳಿದ್ರೆ ಅವನ ಗತಿ ಏನು?

ಕೋರ್ಟ್ ಕಟ್ಟಿ (ಧಾರವಾಡ):

ತಮ್ಮಾ, ಮಾಸ್ತರು ಭಾರತ ಹೇಳ್ಯಾರ, ನಾ ಕಾಯ್ದೆ ಹೇಳ್ತೀನಿ. ಮೂವತ್ತೊಂದು ವರ್ಷ ವಕೀಲರ ಹಂತ್ಯಾಕ ಗುಮಾಸ್ತ ಇದ್ದಾಂವ ನಾ. ಅಣ್ಣತಮ್ಮಂದಿರ ವಾಟ್ನಿ, ಅಂದ್ರ ಆಸ್ತಿ ಪಾಲಿನ, ದಾವೆದ ಕಾಗದ ಹೊತ್ತು ಹೊತ್ತು ಹೆಗಲು ಒಂದ್ಕಡಿ ವಾಲೇದ.

ನಿನ್ನ ಸೂತ್ರಧಾರ ಕೇಳಿದ್ದು ಖರೇ ಐತಿ, ಯಾಕ ಕೊಲ್ಲಲಿಲ್ಲ ಅಂತ. ಉತ್ತರ ಮನುಸ್ಮೃತಿ ಒಂಬತ್ತನೇ ಅಧ್ಯಾಯದಾಗ ಐತಿ, 201ರಿಂದ 203ರ ತನಕಾ ಓದು. ಹುಟ್ಟು ಕುರುಡ, ಕಿವುಡ, ಮೂಕ, ಹುಚ್ಚ, ಅಂಗ ಊನ ಇದ್ದಾಂವ, ಇವರಿಗೆಲ್ಲಾ ಪಾಲಿಲ್ಲ. ಆದ್ರ ಅವರಿಗೆ ಬದುಕಿರೋ ತನಕಾ ಗ್ರಾಸಾಚ್ಛಾದನ ಕೊಡಬೇಕು, ಅಂದ್ರ ಅನ್ನ ಅರಿವಿ. ಕೊಡದಿದ್ದಾಂವ ಪತಿತ ಆಗ್ತಾನ. ತಿಳೀತಿಲ್ಲೋ? ನಿನ್ನ ಬೊಮ್ಮಣ್ಣನ್ನ ನೆಲಮಾಳಿಗ್ಯಾಗ ಹಾಕೋದು ಬ್ಯಾಡ. ಎರಡು ಹೊತ್ತು ಬಿಸಿ ಅನ್ನ ಹಾಕ್ರಿ, ಹಬ್ಬಕ್ಕೊಂದು ಧೋತರ ಕೊಡ್ರಿ, ಎಲ್ಲಾ ಧರ್ಮದ ಪ್ರಕಾರನ ನಡೀತು! ಊರಾಗ ಯಾರೂ ಒಂದು ಮಾತು ಆಡೂ ಹಂಗಿಲ್ಲ.

ಇದರ ಮ್ಯಾಲೆ ನಮ್ಮ ಕಲ್ಯಾಣದ ವಿಜ್ಞಾನೇಶ್ವರ ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಅನ್ನೋ ವ್ಯಾಖ್ಯಾನ ಬರದಾನ. ಇವತ್ತಿನ ಬಸವಕಲ್ಯಾಣ, ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಾಲ. (ಆ ವಿಕ್ರಮಾದಿತ್ಯ ಸ್ವತಃ 1076ರಾಗ ಅಣ್ಣ ಎರಡನೇ ಸೋಮೇಶ್ವರನ್ನ ಇಳಿಸಿ ಪಟ್ಟಕ್ಕ ಕುಂತಾಂವ. ಅಂಥವನ ಊರಾಗ ಕುಂತು ಹಿರೇಮಗ, ಕಿರೇಮಗ, ಪಾಲು ಅಂತ ಬರಿಬೇಕಂದ್ರ ಎದಿ ಗಟ್ಟಿ ಇರಬೇಕು ನೋಡು.) ಯಾಜ್ಞವಲ್ಕ್ಯನ ಪಟ್ಟಿಯೊಳಗ ಕುಂಟನೂ ಅದಾನ, ವಾಸಿಯಾಗದ ರೋಗ ಇದ್ದಾಂವನೂ ಅದಾನ. ವಿಜ್ಞಾನೇಶ್ವರ ಒಂದು ಕೊಂಡಿ ಇಟ್ಟಾನ: ವಾಟ್ನಿ ಆದ ಮ್ಯಾಲೆ ಔಷಧದಿಂದ ದೋಷ ಹೋತು ಅಂದ್ರ ಅವಗ ಪಾಲು ಕೊಡಬೇಕು, ವಾಟ್ನಿ ಆದ ಮ್ಯಾಲೆ ಹುಟ್ಟಿದ ಮಗಗ ಕೊಟ್ಟಂಗ.

ಈಗ ನೀ ತಮ್ಮನ ಜಾಗಾದಾಗ ಕುಂತು ವಿಚಾರ ಮಾಡು. ಅಣ್ಣನ ಮುಖ ನೆಟ್ಟಗ ಆತಂದ್ರ ನಿನ್ನ ಅರ್ಧಾ ಹೊಲ ಹೋತು. ನೀ ಕಲ್ಲು ಒಗೀತಿಯೇನು? ಇಲ್ಲೋ. ನೀನ ಮುಂದ ನಿಂತು ವೈದ್ಯನ್ನ ಕರಸ್ತಿ, ಔಷಧದ ರೊಕ್ಕ ನೀನ ಕೊಡ್ತಿ. ಯಾವ ಔಷಧ ಅಂತ ನೀನ ಹೇಳ್ತಿ.

ಇನ್ನೊಂದು ಐತಿ. ಪಾಲು ತಪ್ಪಿದವನ ಮಗ ಊನ ಇಲ್ಲದ ಹುಟ್ಟಿದ್ರ ಅವಗ ಪಾಲು ಐತಿ. ಅದಕ ಇಂಥವನಿಗೆ ಹೆಣ್ಣು ಹುಡುಕೋದು ಮನ್ಯಾಗ ಯಾರಿಗೂ ನೆನಪು ಆಗಂಗಿಲ್ಲ. ಬಂದ ಸಂಬಂಧನೂ ಹೆಂಗೋ ತಪ್ಪತಾವ.

ಇದು ಹಳೇ ಕಾಲದ್ದಂತ ನಗಬ್ಯಾಡ. ಹುಟ್ಟಾ ಹುಚ್ಚ ಮತ್ತ ಬುದ್ಧಿಮಾಂದ್ಯರನ್ನ ಬಿಟ್ಟು ಉಳದವರಿಗೆ ಈ ಅಡ್ಡಿ ತಗದದ್ದು 1928ರ ಕಾಯ್ದೆ. ಪೂರಾ ತಗದದ್ದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ, ಕಲಂ 28: ರೋಗ, ಊನ, ವಿಕಾರದ ಕಾರಣಕ್ಕ ಯಾರದೂ ಹಕ್ಕು ತಪ್ಪಂಗಿಲ್ಲ. ನಮ್ಮಪ್ಪ ಹುಟ್ಟಿದಾಗ ಈ ಎರಡನೇದು ಇರಲಿಲ್ಲ.

ಉಪ್ಪುನೀರು (ಕುಮಟಾ):

ಮೂರು ದಿನದಿಂದ ಇದನ್ನು ಓದುತ್ತಿದ್ದೇನೆ. ಬರೆಯುವುದೋ ಬೇಡವೋ ಎಂದು ಇದ್ದೆ. ಮುರುಕುದಾಳ ಅವರೇ, ನೀವು ಕೇಳಿದ ಎರಡನೆಯ ಪ್ರಶ್ನೆಗೆ, ಅಂದರೆ ಮನೆಯೊಳಗೆ ದಿನಾ ಏನು ನಡೆಯುತ್ತದೆ ಎನ್ನುವುದಕ್ಕೆ, ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ. ನಾನು ಕೊಡಬಲ್ಲೆ. ನಮ್ಮದು ಕೋಟೆಯಲ್ಲ, ಎರಡೂವರೆ ಎಕರೆ ಅಡಿಕೆ ತೋಟದ ಮನೆ.

ನನಗೆ ತೊನ್ನು. ಹನ್ನೊಂದನೇ ವರ್ಷಕ್ಕೆ ಬಲಗೈ ಬೆರಳಿನ ಗೆಣ್ಣಿನ ಮೇಲೆ ಕಡಲೆಬೇಳೆಯಷ್ಟು ಬಿಳಿ ಕಾಣಿಸಿತು. ಹದಿನಾಲ್ಕಕ್ಕೆ ತುಟಿಯ ಕೊನೆ, ಮೊಣಕೈ. ಈಗ ನನಗೆ ನಲವತ್ತೊಂದು, ಎರಡೂ ಕೈ ಪೂರ್ತಿ ಬಿಳಿ. ಮೈಯ ಕಾವಲಿನ ಕಣಗಳೇ ಬಣ್ಣದ ಕಣಗಳನ್ನು ಹೊರಗಿನ ಶತ್ರು ಎಂದುಕೊಂಡು ಕೊಲ್ಲುತ್ತವೆ ಎಂದು ಡಾಕ್ಟರು ಹೇಳಿದ್ದು ನನ್ನ ಇಪ್ಪತ್ತಾರನೇ ವರ್ಷದಲ್ಲಿ. ಅಲ್ಲಿಯವರೆಗೆ ಮೀನು ತಿಂದು ಹಾಲು ಕುಡಿದರೆ ಬರುತ್ತದೆ ಎಂದೇ ಎಲ್ಲರೂ ಹೇಳುತ್ತಿದ್ದದ್ದು. ನಮ್ಮ ಮನೆಯಲ್ಲಿ ಮೀನೇ ತಿನ್ನುವುದಿಲ್ಲ! ಇದು ಮುಟ್ಟಿದರೆ ಅಂಟುವುದಿಲ್ಲ ಎನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ, ಓದುವವರಲ್ಲಿ ಯಾರಿಗಾದರೂ ಬೇಕಾದೀತು.

ಯಾರೂ ನನಗೆ ಹೊಡೆಯಲಿಲ್ಲ, ಬೈಯಲಿಲ್ಲ. ಚಿಕ್ಕಪ್ಪನ ಮಗಳ ಮದುವೆಯಲ್ಲಿ ಆರತಿ ತಟ್ಟೆ ಹಿಡಿಯಲು ನಾನು ಎದ್ದಾಗ ಅತ್ತೆ ಬಂದು ಹೆಗಲ ಮೇಲೆ ಕೈಯಿಟ್ಟು, "ನೀನು ಒಳಗೆ ದಂಡೆ ಕಟ್ಟು ಮಗಾ, ನಿನ್ನಷ್ಟು ಚೆಂದ ಯಾರಿಗೂ ಬರೂದಿಲ್ಲ" ಎಂದಳು. ನನಗೆ ಖುಷಿಯಾಯಿತು. ಅಬ್ಬಲಿಗೆ, ಮಲ್ಲಿಗೆ, ನೆನೆಸಿದ ಬಾಳೆನಾರು, ಒಳಕೋಣೆಯ ಚಾಪೆ. ಆಮೇಲಿನ ಮದುವೆಗೂ ಅದೇ ಮಾತು, ಅದರ ಆಮೇಲಿನದಕ್ಕೂ. ಹನ್ನೊಂದು ಮದುವೆಗೆ ದಂಡೆ ಕಟ್ಟಿದ್ದೇನೆ. ಹನ್ನೊಂದು ಆಲ್ಬಮ್‌ಗಳಲ್ಲಿ ಎಲ್ಲೂ ನಾನಿಲ್ಲ, ನಾನು ಕಟ್ಟಿದ ಹೂವಿದೆ.

ತಂಗಿಯನ್ನು ನೋಡಲು ಗಂಡಿನವರು ಬರುವ ದಿನ ಹಲಸಿನ ಹಪ್ಪಳದ ಡಬ್ಬಿ ಹೊರಿಸಿ ನನ್ನನ್ನು ಸೋದರಮಾವನ ಮನೆಗೆ ಕಳಿಸಿದರು. ಮಾವನ ಮನೆಯಲ್ಲಿ ಆ ವರ್ಷ ಅವರದೇ ಎರಡು ಡಬ್ಬಿ ಹಪ್ಪಳ ಇತ್ತು. ಮೂರನೆಯದನ್ನು ಅತ್ತೆ ಎಲ್ಲಿಡಬೇಕೆಂದು ತಿಳಿಯದೆ ನಿಂತದ್ದು ಈಗಲೂ ಕಣ್ಣ ಮುಂದಿದೆ.

ಆಯಿ ಬಾವಂಚಿ ಬೀಜ ಅರೆದು ಹಚ್ಚಿ ಬೆಳಗಿನ ಬಿಸಿಲಿಗೆ ಅಂಗಳದಲ್ಲಿ ಕೂರಿಸುತ್ತಿದ್ದಳು. ಬಾವಂಚಿ ಬಿಸಿಲಿನ ಜೊತೆ ಸೇರಿದರೇ ಕೆಲಸ ಮಾಡುವುದು, ಹೆಚ್ಚಾದರೆ ಸುಡುತ್ತದೆ. ಒಂದು ಸಲ ಮುಂಗೈ ತುಂಬ ನೀರುಗುಳ್ಳೆ ಎದ್ದವು. ಆವತ್ತು ಅವಳು ಅಡುಗೆಮನೆ ಬಾಗಿಲು ಹಾಕಿಕೊಂಡು ಅತ್ತಳು, ಮರುದಿನ ಮತ್ತೆ ಅರೆದಳು. ಇದನ್ನು ಪ್ರೀತಿ ಅನ್ನಬೇಕೋ ಬೇರೆ ಏನಾದರೂ ಅನ್ನಬೇಕೋ, ಗೊತ್ತಿಲ್ಲ.

ಬಾಯಿಬಿಟ್ಟು ಆಡಿದವಳು ಅಜ್ಜಿ ಒಬ್ಬಳೇ. "ಬಾರೇ ಬಿಳಿಬೆಕ್ಕೇ" ಎಂದು ಕರೆಯುತ್ತಿದ್ದಳು. ತಲೆಗೆ ಎಣ್ಣೆ ಹಚ್ಚುತ್ತಿದ್ದವಳೂ ಅವಳೇ. ನಿಮ್ಮ ಸೂತ್ರಧಾರರು ಕೇಳಿದರಲ್ಲ, ಎಣ್ಣೆ ಹಚ್ಚುವವರು ಯಾರು ಎಂದು.

ಅಪ್ಪ ನನ್ನ ಮುಖ ನೋಡಿ ಮಾತಾಡುತ್ತಿರಲಿಲ್ಲ. ರೂಪದ ಹೇಸಿಗೆ ಎಂದು ಬಹಳ ವರ್ಷ ಅಂದುಕೊಂಡಿದ್ದೆ. ವಿಷಯ ಬೇರೆಯೇ ಇತ್ತು. ತೋಟದ ಮೇಲಿನ ಮೂಲೆಯಲ್ಲಿ ಹಿಂದೆ ನಾಗಬನ ಇತ್ತಂತೆ. ಅಜ್ಜ ತೋಟ ಹಿಗ್ಗಿಸುವಾಗ ಮರ ಕಡಿಸಿ, ಕಲ್ಲು ಸರಿಸಿ, ಅಡಿಕೆ ಸಸಿ ನೆಟ್ಟಿದ್ದರು. ನನ್ನ ಕೈ ಬೆಳ್ಳಗಾದ ಮೇಲೆ ಊರವರಿಗೆ ಅದು ನೆನಪಾಯಿತು. ಕುಕ್ಕೆಗೆ ಹೋಗಿ ಆಶ್ಲೇಷಾ ಬಲಿ ಮಾಡಿಸಿದ್ದೂ ಆಯಿತು. ನಾನು ಅಂಗಳಕ್ಕೆ ಬಂದರೆ ಸಾಕು, ಬಂದ ನೆಂಟರ ಕಣ್ಣು ಮೊದಲು ನನ್ನ ಕೈಗೆ, ಆಮೇಲೆ ತೋಟದ ಮೇಲಿನ ಮೂಲೆಗೆ ಹೋಗುತ್ತಿತ್ತು. ಅಜ್ಜ ತೆಗೆದುಕೊಂಡದ್ದಕ್ಕೆ ನನ್ನ ಕೈ ರಸೀದಿಯಾಗಿತ್ತು. ಅಪ್ಪನಿಗೆ ನೋಡಲಾಗದೆ ಇದ್ದದ್ದು ಆ ರಸೀದಿ.

ನಿಮ್ಮ ಬೊಮ್ಮಣ್ಣನ ಮುಖದಲ್ಲಿ ಹಾವಿನ ಪೊರೆ ಇದೆ, ಕಾಡಿನಲ್ಲಿ ನಾಗರಿದ್ದಾರೆ ಎಂದಿರಿ. ಕಾರೆಕೋಟೆಯ ಬುನಾದಿಯ ಕೆಳಗೆ ಏನಿತ್ತು ಎಂದು ನೀವು ಇನ್ನೂ ಯೋಚಿಸಿದಂತಿಲ್ಲ.

ಒಂದೇ ಕೋರಿಕೆ. ಕೊನೆಗೆ ಪೊರೆ ಕಳಚಿ ಬಿದ್ದು ಅವನು ಚೆಲುವನಾಗುವುದು ಬೇಡ.

ಮುರುಕುದಾಳ:

ಅಕ್ಕ, ಏನು ಬರೀಬೇಕು ಅಂತ ಗೊತ್ತಾಗದೆ ಎರಡು ದಿನ ಸುಮ್ಮನಿದ್ದೆ. ಆ ಮೂರನೇ ಡಬ್ಬಿ ತಲೆಯಿಂದ ಹೋಗ್ತಾ ಇಲ್ಲ. ಪೊರೆ ಕಳಚಲ್ಲ, ಮಾತು ಕೊಡ್ತೀನಿ.

ನಾಲ್ಕು ಪುಟ ಹರಿದು ಹಾಕಿದೆ. ಈಗಿರೋದು ಅರ್ಧ ಪುಟ. ಸಿಡಿಲಿಲ್ಲ, ಸರಪಳಿ ಇಲ್ಲ. ತಾಯಿನ ಬದುಕಿಸಿದೆ. ಕೋಟೆ ಕಟ್ಟಿದ ಮುತ್ತಜ್ಜ ಹುತ್ತ ಅಗೆಸಿ ಬುನಾದಿ ಹಾಕಿಸಿದ್ದ, ಅದು ಊರಿಗೆಲ್ಲ ಗೊತ್ತು, ಯಾರೂ ಆಡಲ್ಲ. ಪಟ್ಟದ ದಿನ ಬಾಳೆಕಂಬ ಕಟ್ಟಿ, ಕಳಶ ಇಟ್ಟು, ಹೊಸ ರುಮಾಲು ಮಡಿಚಿಟ್ಟ ಮೇಲೆ ಹಿರಿಯರು ಬಂದು ದೇವರು ಒಪ್ಪಲ್ಲ ಅಂತಾರೆ. ಅಪ್ಪ ಅಳ್ತಾನೆ. ಆಮೇಲೆ ಮಗನ ಹೆಗಲ ಮೇಲೆ ಕೈಯಿಟ್ಟು, ಉಗ್ರಾಣದ ಲೆಕ್ಕ ನೀನು ನೋಡ್ಕೋ, ನಿನ್ನಷ್ಟು ಚೊಕ್ಕ ಬರವಣಿಗೆ ಯಾರದೂ ಇಲ್ಲ ಅಂತಾನೆ. ಬೊಮ್ಮಣ್ಣ ಹನ್ನೆರಡು ವರ್ಷದಿಂದ ಒಳಗೆ ಕೂತು ಭತ್ತ, ಬೆಲ್ಲ, ಎಣ್ಣೆ ಲೆಕ್ಕ ಬರೀತಿದಾನೆ. ಹಬ್ಬಕ್ಕೊಂದು ಪಂಚೆ ತಪ್ಪದೆ ಬರುತ್ತೆ. ಬರೆದು ಮುಗಿಸಿ ನೋಡಿದ್ರೆ ಇವನು ಮಾಡ್ತಿರೋದು ನನ್ನ ಮಂಡಿ ಕೆಲಸನೇ! ಅದು ಬೇಕಂತ ಮಾಡಿದ್ದಲ್ಲ.

ಮೊನ್ನೆ ಭಾನುವಾರ ಆಡಿದ್ವಿ. ಸೂತ್ರಧಾರ ಅಪ್ಪನ ಪಾತ್ರ ಮಾಡಿದ. ಎಂದೂ ಇಲ್ಲದ ಮೆತ್ತನೆ ದನಿಯಲ್ಲಿ, "ಇವತ್ತು ವಿಜಯನಗರದವರು ಬರ್ತಾರೆ, ಥಂಡಿ ಇದೆ, ಈ ಶಾಲು ಕಿವಿ ಮುಚ್ಚೋ ಹಾಗೆ ಹೊದ್ಕೋ ಮಗಾ" ಅಂದ. ಏಪ್ರಿಲ್ ತಿಂಗಳು, ಮಹಡಿ ಮೇಲೆ ಫ್ಯಾನ್ ತಿರುಗ್ತಿದೆ. ನಾನು ಏನೂ ಮಾತಾಡದೆ ಹೊದ್ಕೊಂಡೆ. ಪಕ್ಕದವನು ಚಹಾ ಲೋಟ ಕೆಳಗಿಟ್ಟ.

ಕಟ್ಟಿಯವರೇ, ನಿಮ್ಮ ತಮ್ಮನೂ ಬಂದಾಯ್ತು. ವೈದ್ಯ ತಿಂಗಳಿಗೊಂದು ಮಡಕೆ ಲೇಪ ತರ್ತಾನೆ. ಸೂತ್ರಧಾರ ಔಷಧಿ ಅಂಗಡಿಯವನಲ್ವಾ, ಬಾವಂಚಿ ಹೇಗಿರುತ್ತೆ, ವಾಸನೆ ಏನು, ಎಲ್ಲ ಗೊತ್ತು. ಮಡಕೆಯಲ್ಲಿರೋದು ಬಾವಂಚಿ ಅಲ್ಲ ಅಂತ ಚೀಟಿ ಬರೆದು ನನಗೊಬ್ಬನಿಗೆ ತೋರಿಸಿದ. ಅಂದ್ರೆ ನನಗೆ ಗೊತ್ತು, ಬೊಮ್ಮಣ್ಣನಿಗೆ ಗೊತ್ತಿಲ್ಲ. ಅವನು ಮೂಸಿ ಕಂಡುಹಿಡೀತಾನಾ ಅಂತ ದಾಳ ಹಾಕಿದೆ. 3 ಬಿತ್ತು. ಮುಂದಿನ ಪ್ರಯತ್ನಕ್ಕೆ ಇನ್ನೊಂದು ಮಡಕೆ ಬರೋವರೆಗೆ ಕಾಯಬೇಕಂತೆ. ಬೇರೆ ದಾರಿ ಇದ್ರೆ ಹೇಳಿ.

ಕೋರ್ಟ್ ಕಟ್ಟಿ (ಧಾರವಾಡ):

ಉಗ್ರಾಣದ ಲೆಕ್ಕದ ಪುಸ್ತಕ ಅವನ ಕೈಯಾಗ ಐತೆಲ್ಲೋ ತಮ್ಮಾ. ವೈದ್ಯಗ ಹನ್ನೆರಡು ವರ್ಷ ಯಾರು ಎಷ್ಟು ರೊಕ್ಕ ಕೊಟ್ಟಾರ, ಬಾವಂಚಿ ಎಷ್ಟು ಸೇರು ಬಂದೈತಿ, ಅವನ ಬರದಿರತಾನ. ಅದನ್ನ ಓದಾಕ ದಾಳ ಯಾಕ ಬೇಕು?